ಆಗಮನ ಕಾಲವನ್ನು ಆಗಮನ ಕಾಲವಾಗಿಯೇ ಇರಗೊಡೋಣ

ಮಾನ್ಯ ಸಂಪಾದಕರೇ,

ನವೆಂಬರ್ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿಯೂ ಸುದ್ದಿವಾಹಿನಿಗಳಲ್ಲಿಯೂ ಕ್ರಿಸ್‌ಮಸ್ ಸಂಭ್ರಮ ಆರಂಭವಾಯಿತೆಂಬ ಶೀರ್ಷಿಕೆಗಳು ಕಾಣಿಸಿಕೊಳ್ಳತೊಡಗುತ್ತವೆ. ಅಲಂಕಾರ, ಖರೀದಿ, ಉಡುಗೊರೆ, ಗಾಯನಗೋಷ್ಠಿಗಳ ವಿವರ ಅವುಗಳ ತುಂಬ ಇರುತ್ತದೆ. ಬೇರೆ ಧರ್ಮದವರೂ ನಮ್ಮ ಹಬ್ಬದ ಸಂತೋಷದಲ್ಲಿ ಪಾಲುಗೊಳ್ಳುವುದನ್ನು ನಾನು ಕೃತಜ್ಞತೆಯಿಂದ ಕಾಣುತ್ತೇನೆ. ಆದರೆ ಡಿಸೆಂಬರ್ 25ಕ್ಕೆ ಮುಂಚಿನ ಆ ನಾಲ್ಕು ವಾರಗಳು ಧರ್ಮಸಭೆಯ ಪಾಲಿಗೆ ಕ್ರಿಸ್‌ಮಸ್ ಅಲ್ಲ. ಅವಕ್ಕೆ ತಮ್ಮದೇ ಹೆಸರಿದೆ, ತಮ್ಮದೇ ಬಣ್ಣವಿದೆ, ತಮ್ಮದೇ ವಾಚನಗಳೂ ಪ್ರಾರ್ಥನೆಗಳೂ ಇವೆ. ಪ್ರಭು ಕ್ರಿಸ್ತರ ಬರವನ್ನು ಎದುರುನೋಡುವ ಆ ವಾರಗಳನ್ನು ನಾವು ಆಗಮನ ಕಾಲವೆಂದು ಕರೆಯುತ್ತೇವೆ. ಇದು ಹೊರಗಿನವರಿಗೆ ತಿಳಿಯದಿರುವುದು ಸಹಜ. ನಮ್ಮವರೇ ಅದನ್ನು ಮರೆಯುತ್ತ ಬಂದಿರುವುದು ಮಾತ್ರ ನನಗೆ ನೋವಿನ ಸಂಗತಿ. ಈ ಪತ್ರ ತುಸು ದೀರ್ಘವಾದರೆ ಓದುಗರು ದಯವಿಟ್ಟು ಸಹಿಸಿಕೊಳ್ಳಬೇಕು.

ಪಾಶ್ಚಾತ್ಯ ಸಂಪ್ರದಾಯದ ಸಭೆಗಳಲ್ಲಿ ಆಗಮನ ಕಾಲವು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರದಂದು ಆರಂಭವಾಗುತ್ತದೆ. ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಕಾಲ ಕೆಲವು ವರ್ಷ 28 ದಿನಗಳಷ್ಟು ಉದ್ದವಾಗಿರುತ್ತದೆ, ಕೆಲವು ವರ್ಷ 22 ದಿನಗಳಿಗೇ ಮುಗಿಯುತ್ತದೆ. ಮಿಲಾನ್ ನಗರದ ಆಂಬ್ರೋಸ್ ಸಂಪ್ರದಾಯದಲ್ಲಿ ಇದು ಆರು ವಾರಗಳ ಕಾಲ. ಬೈಜಾಂಟೈನ್ ಸಂಪ್ರದಾಯದ ಆರ್ಥೊಡಾಕ್ಸ್ ಸಭೆಗಳಲ್ಲಿ ನವೆಂಬರ್ 15ರಿಂದ ನಲವತ್ತು ದಿನಗಳ ಉಪವಾಸವೇ ಕ್ರಿಸ್ತ ಜಯಂತಿಗೆ ಸಿದ್ಧತೆ. ಸ್ಪೇನಿನ ಸರಗೋಸದಲ್ಲಿ 380ರಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ಡಿಸೆಂಬರ್ 17ರಿಂದ ಜನವರಿ 6ರವರೆಗೆ ವಿಶ್ವಾಸಿಗಳು ಒಂದು ದಿನವೂ ದೇವಾಲಯಕ್ಕೆ ಗೈರುಹಾಜರಾಗಬಾರದೆಂದು ವಿಧಿಸಿತ್ತು. ಮುಂದೆ 567ರಲ್ಲಿ ಫ್ರಾನ್ಸಿನ ಟೂರ್ಸ್‌ನಲ್ಲಿ ಸೇರಿದ ಸಭೆ, ಕ್ರಿಸ್ತ ಜಯಂತಿಯವರೆಗೆ ಡಿಸೆಂಬರ್ ತಿಂಗಳಿಡೀ ಸನ್ಯಾಸಿಗಳು ಉಪವಾಸ ಮಾಡಬೇಕೆಂದಿತು. ಅಂದರೆ ಹಬ್ಬಕ್ಕೆ ಮುಂಚಿನ ದಿನಗಳನ್ನು ಹಬ್ಬದಂತೆಯೇ ಕಳೆಯಬಾರದು, ಅವಕ್ಕೆ ಬೇರೆಯೇ ಕೆಲಸವಿದೆ ಎಂಬ ತಿಳಿವಳಿಕೆ ಬಹಳ ಹಳೆಯದು.

ಆಗಮನ ಕಾಲದ ಮೊದಲ ಭಾನುವಾರ ನಮ್ಮ ಆರಾಧನಾ ವರ್ಷದ ಮೊದಲ ದಿನ ಕೂಡ. ಆ ದಿನ ದೇವಾಲಯಕ್ಕೆ ಬಂದವರು ಯೇಸು ಹುಟ್ಟಿದ ಗೋದಲಿಯ ಕಥೆಯನ್ನೋ ಬೆತ್ಲೆಹೇಮಿನ ಕುರುಬರ ಕಥೆಯನ್ನೋ ಕೇಳಬಹುದೆಂದು ನಿರೀಕ್ಷಿಸಿದರೆ, ಕೇಳಿಬರುವುದು ಲೋಕಾಂತ್ಯದ ಮಾತು! ಮೂರು ವರ್ಷಗಳ ವಾಚನಚಕ್ರದಲ್ಲಿ, ಯೇಸುವಿನ ಚರಿತ್ರೆಯನ್ನು ಶುಭಸಂದೇಶಗಳಾಗಿ ಬರೆದ ಮತ್ತಾಯ, ಮಾರ್ಕ, ಲೂಕ ಯಾರ ಸರದಿ ಬಂದರೂ ಆ ಭಾನುವಾರದ ಶುಭಸಂದೇಶ ಕ್ರಿಸ್ತರ ಪುನರಾಗಮನವನ್ನೇ ಕುರಿತದ್ದು. ಮಾರ್ಕನಲ್ಲಿ ಒಬ್ಬ ಮನೆಯ ಯಜಮಾನ ದೂರದ ಪ್ರಯಾಣಕ್ಕೆ ಹೊರಡುತ್ತಾನೆ. ಆಳುಗಳಿಗೆ ಒಬ್ಬೊಬ್ಬರಿಗೂ ಅವರವರ ಕೆಲಸವನ್ನು ಒಪ್ಪಿಸಿ, ಬಾಗಿಲು ಕಾಯುವವನಿಗೆ ಎಚ್ಚರವಾಗಿರಲು ಹೇಳಿ ಹೋಗುತ್ತಾನೆ. ಅವನು ಸಂಜೆ ಬರುತ್ತಾನೋ, ನಡುರಾತ್ರಿಯೋ, ಕೋಳಿ ಕೂಗುವ ಹೊತ್ತಿಗೋ, ಬೆಳಗಾದ ಮೇಲೋ ಯಾರಿಗೂ ತಿಳಿಯದು. ವರ್ಷದ ಮೊದಲ ದಿನವೇ ಧರ್ಮಸಭೆ ತನ್ನ ಮಕ್ಕಳಿಗೆ ಹೇಳುವುದು ಇಷ್ಟನ್ನೇ: ಈ ಮನೆ ನಿಮ್ಮದಲ್ಲ, ಇದರ ಒಡೆಯರು ಬರುವವರಿದ್ದಾರೆ, ನಿಮಗೆ ಒಪ್ಪಿಸಿದ ಕೆಲಸವನ್ನು ಮಾಡುತ್ತಿರಿ. ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಭಾವಿಸುವವರು ಈ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಮತ್ತೊಮ್ಮೆ ಓದಬೇಕು. ಆ ಮನೆಯಲ್ಲಿ ಕೆಲಸವಿಲ್ಲದ ಆಳು ಒಬ್ಬನೂ ಇಲ್ಲ.

ಧರ್ಮೋಪದೇಶದ ತರಗತಿಯಲ್ಲಿ ಒಮ್ಮೆ ಒಬ್ಬ ಬಾಲಕಿ ನನ್ನನ್ನು ಕೇಳಿದಳು: "ಯೇಸುಸ್ವಾಮಿ ಆಗಲೇ ಹುಟ್ಟಿಯಾಗಿದೆಯಲ್ಲ, ಮತ್ತೆ ಪ್ರತಿ ವರ್ಷ ಯಾಕೆ ಕಾಯಬೇಕು?" ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ದೊಡ್ಡವರು ಕೇಳಿದ್ದನ್ನು ನಾನು ಕಾಣೆ. ಎರಡು ಸಾವಿರ ವರ್ಷಗಳ ಹಿಂದೆ ನಡೆದುಹೋದ ಜನನವನ್ನು ಇನ್ನೂ ನಡೆದೇ ಇಲ್ಲವೆಂಬಂತೆ ನಟಿಸುವುದೇ ಆಗಮನ ಕಾಲವಾಗಿದ್ದರೆ ಅದು ಮಕ್ಕಳಾಟವೇ ಸರಿ. ಹನ್ನೆರಡನೆಯ ಶತಮಾನದ ಮಠಾಧಿಪತಿ, ಕ್ಲೆರ್ವೋದ ಸಂತ ಬರ್ನಾರ್ಡರು ತಮ್ಮ ಪ್ರಬೋಧನೆಯಲ್ಲಿ ಪ್ರಭುವಿನ ಮೂರು ಆಗಮನಗಳನ್ನು ಗುರುತಿಸಿದ್ದಾರೆ. ಮೊದಲನೆಯದರಲ್ಲಿ ಅವರು ನಮ್ಮ ದೇಹವನ್ನೂ ದೌರ್ಬಲ್ಯವನ್ನೂ ಧರಿಸಿ ಬಂದರು. ಕೊನೆಯದರಲ್ಲಿ ಮಹಿಮೆಯಿಂದ ಬರುವರು. ಈ ಎರಡರ ನಡುವೆ, ಯಾರ ಕಣ್ಣಿಗೂ ಬೀಳದಂತೆ, ನಂಬಿದವರ ಅಂತರಂಗಕ್ಕೆ ಬರುತ್ತಲೇ ಇದ್ದಾರೆ. ಮೊದಲ ಆಗಮನಕ್ಕೆ ನಾವು ಕಾಯುತ್ತಿಲ್ಲ, ಅದನ್ನು ಸ್ಮರಿಸುತ್ತೇವೆ. ಕಾಯುವುದು ಕೊನೆಯದಕ್ಕೆ. ನಡುವಿನದಕ್ಕಾದರೋ ಕಾಯಬೇಕಾದದ್ದು ನಾವಲ್ಲ, ನಾವು ಬಾಗಿಲು ತೆರೆಯಲೆಂದು ಅವರೇ ಹೊರಗೆ ನಿಂತು ಕಾಯುತ್ತಿದ್ದಾರೆ.

ಧರ್ಮಸಭೆಯ ಪಂಚಾಂಗ ಈ ಕ್ರಮವನ್ನು ಅನುಸರಿಸಿಯೇ ರೂಪುಗೊಂಡಿದೆ. ಡಿಸೆಂಬರ್ 16ರವರೆಗಿನ ಪ್ರಾರ್ಥನೆಗಳಲ್ಲಿ ಪುನರಾಗಮನದ ನಿರೀಕ್ಷೆಯೇ ಪ್ರಧಾನ. 17ರಿಂದ 24ರವರೆಗಿನ ದಿನಗಳಲ್ಲಿ ಮಾತ್ರ ನಮ್ಮ ದೃಷ್ಟಿ ನೇರವಾಗಿ ಬೆತ್ಲೆಹೇಮಿನತ್ತ ತಿರುಗುತ್ತದೆ. ಮೊದಲ ಭಾಗವನ್ನು ಬಿಟ್ಟು ಎರಡನೆಯ ಭಾಗವನ್ನಷ್ಟೇ ನಾಲ್ಕು ವಾರಗಳಿಗೆ ಎಳೆದು ಹಿಗ್ಗಿಸಿದಾಗ ನಮ್ಮ ಕೈಯಲ್ಲಿ ಉಳಿಯುವುದು ಒಂದು ಹುಟ್ಟುಹಬ್ಬದ ತಯಾರಿ ಮಾತ್ರ. ನ್ಯಾಯ ತೀರಿಸಲು ಬರುವವರು, ಎಲ್ಲ ಕಣ್ಣೀರನ್ನೂ ಒರೆಸಲು ಬರುವವರು ನಮ್ಮ ನೆನಪಿನಿಂದ ಜಾರಿಹೋಗುತ್ತಾರೆ. ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲ ಗುಳಗಳನ್ನಾಗಿ ಬಡಿಯುವ ದಿನ ಬರುತ್ತದೆ, ಜನಾಂಗವು ಜನಾಂಗದ ವಿರುದ್ಧ ಯುದ್ಧಾಭ್ಯಾಸವನ್ನೂ ಮಾಡದ ದಿನ ಬರುತ್ತದೆ ಎಂಬ ಯೆಶಾಯ ಪ್ರವಾದಿಯ ಮಾತನ್ನು ನಾವು ಓದುವುದು ಇದೇ ಕಾಲದಲ್ಲಿ. ಆ ದಿನ ಇನ್ನೂ ಬಂದಿಲ್ಲವೆಂಬುದು ಪತ್ರಿಕೆ ಓದುವ ಯಾರಿಗಾದರೂ ಗೊತ್ತು. ಬಂದಿಲ್ಲವೆಂದು ಒಪ್ಪಿಕೊಂಡು, ಬಂದೇ ಬರುತ್ತದೆಂದು ನಂಬಿ, ಆ ಎರಡರ ನಡುವಿನ ಕಷ್ಟವನ್ನು ತಾಳಿಕೊಂಡು ಪ್ರಾರ್ಥಿಸುವುದನ್ನು ಆಗಮನ ಕಾಲ ನಮಗೆ ಕಲಿಸುತ್ತದೆ.

ಎರಡನೆಯ ಮತ್ತು ಮೂರನೆಯ ಭಾನುವಾರಗಳು ಕ್ರಿಸ್ತರಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನರವು. ಅಲಂಕಾರಗಳ ನಡುವೆ ಅವರಿಗೆ ಎಲ್ಲಿಯೂ ಜಾಗವಿಲ್ಲ. ಒಂಟೆಯ ರೋಮದ ಉಡುಪು, ಸೊಂಟಕ್ಕೆ ತೊಗಲಿನ ಪಟ್ಟಿ, ಬೆಂಗಾಡಿನಲ್ಲಿ ಕೂಗುವ ಕಂಠ. ಶುಭಾಶಯ ಪತ್ರದ ಮೇಲೆ ಇಂಥವರ ಚಿತ್ರವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಆದರೂ ಅವರನ್ನು ದಾಟದೆ ಗೋದಲಿಯ ಬಳಿಗೆ ಹೋಗಲು ಧರ್ಮಸಭೆ ನಮ್ಮನ್ನು ಬಿಡುವುದಿಲ್ಲ. ಪಶ್ಚಾತ್ತಾಪಪಡಿರಿ ಎಂದು ಅವರು ಗುಡುಗಿದಾಗ ಜನ ಹೆದರಿ, "ಹಾಗಾದರೆ ನಾವೇನು ಮಾಡಬೇಕು?" ಎಂದು ಕೇಳುತ್ತಾರೆ. ಸಂತ ಲೂಕರು ದಾಖಲಿಸಿರುವ ಉತ್ತರ ನನ್ನನ್ನು ಪ್ರತಿ ಸಲವೂ ಅಚ್ಚರಿಗೊಳಿಸುತ್ತದೆ, ಏಕೆಂದರೆ ಅದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ. ಎರಡು ಅಂಗಿಗಳಿದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಊಟವಿದ್ದವನೂ ಹಾಗೆಯೇ ಮಾಡಲಿ. ಸುಂಕದವರು ಬಂದು ಕೇಳಿದರೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎನ್ನುತ್ತಾರೆ. ಸೈನಿಕರು ಕೇಳಿದರೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾರೆ. ಸುಂಕದವನಿಗೆ ಉದ್ಯೋಗ ಬಿಡು ಎಂದು ಹೇಳಲಿಲ್ಲ, ಸೈನಿಕನನ್ನು ಬೆಂಗಾಡಿಗೆ ಬಂದು ನನ್ನಂತೆ ತಪಸ್ಸು ಮಾಡು ಎಂದು ಕರೆಯಲಿಲ್ಲ. ಅವರವರು ಕುಳಿತ ಮೇಜಿನ ಮುಂದೆಯೇ, ನಿಂತ ಕಾವಲಿನಲ್ಲಿಯೇ, ಹಣ ಕೈಯಿಂದ ಕೈಗೆ ದಾಟುವ ಜಾಗದಲ್ಲಿಯೇ ಪ್ರಭುವಿನ ಮಾರ್ಗ ನೆಟ್ಟಗಾಗಬೇಕು. ಆಗಮನ ಕಾಲದಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನಾನು ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲ. ಲೂಕನ ಮೂರನೆಯ ಅಧ್ಯಾಯದ ಈ ಐದು ವಚನಗಳನ್ನು ಓದಿ, ತಮ್ಮ ವೃತ್ತಿಯ ಹೆಸರನ್ನು ಅಲ್ಲಿ ಸೇರಿಸಿಕೊಳ್ಳಲಿ.

ಈ ಕಾಲದ ನೇರಳೆ ಬಣ್ಣ ಸೂಚಿಸುವುದು ಇದೇ ಮನಪರಿವರ್ತನೆಯನ್ನು. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ದೇವದೂತರು ಕ್ರಿಸ್ತ ಜಯಂತಿಯ ರಾತ್ರಿ ಹಾಡಿದ ಆ ಹಾಡು ಅದೇ ರಾತ್ರಿಗೆ ಹೊಸದಾಗಿ ಕೇಳಿಬರಲೆಂದು ಕಾದಿರಿಸುತ್ತೇವೆ. ಹಾಗೆಂದು ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಂಥ ಶೋಕದ ಕಾಲವೂ ಅಲ್ಲ. ತಪಸ್ಸು ಕಾಲದಲ್ಲಿ ನಿಂತುಹೋಗುವ ಅಲ್ಲೆಲೂಯ ಎಂಬ ಸ್ತುತಿಘೋಷ ಆಗಮನ ಕಾಲದಲ್ಲಿ ನಿಲ್ಲುವುದಿಲ್ಲ.

ಮೂರನೆಯ ಭಾನುವಾರದಂದು ಗುರುಗಳು ಗುಲಾಬಿ ಬಣ್ಣದ ಉಡುಪನ್ನು ಧರಿಸಬಹುದು. ಅದು ಆನಂದದ ಭಾನುವಾರ. ಹಬ್ಬ ಹತ್ತಿರ ಬಂತೆಂಬುದೇ ಈ ಆನಂದಕ್ಕೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲವೆಂದು ನನ್ನ ಭಾವನೆ. "ಪ್ರಭುವಿನಲ್ಲಿ ಸದಾ ಆನಂದಿಸಿರಿ" ಎಂಬ ಮಾತಿನಿಂದ ಆ ದಿನದ ಪೂಜೆಯ ಪ್ರವೇಶ ಶ್ಲೋಕ ಆರಂಭವಾಗುತ್ತದೆ. ಸಂತ ಪೌಲರು ಫಿಲಿಪ್ಪಿಯವರಿಗೆ ಈ ಮಾತನ್ನು ಬರೆದದ್ದು ಸೆರೆಯಲ್ಲಿದ್ದಾಗ. ಮತ್ತಾಯನ ವರ್ಷದಲ್ಲಿ ಅದೇ ದಿನ ಓದುವ ಶುಭಸಂದೇಶದಲ್ಲಿ ಸ್ನಾನಿಕ ಯೊವಾನ್ನರೂ ಸೆರೆಯಲ್ಲಿದ್ದಾರೆ. ಬರುವವರಿಗೆ ದಾರಿ ಸಿದ್ಧಮಾಡುವುದಕ್ಕೇ ಬದುಕನ್ನು ಮುಡಿಪಿಟ್ಟ ಆ ಪ್ರವಾದಿ, ಈಗ ಕತ್ತಲೆಯಲ್ಲಿ ಕುಳಿತು ಶಿಷ್ಯರ ಮೂಲಕ ಕೇಳಿಕಳಿಸುತ್ತಾರೆ: ಬರಬೇಕಾದವರು ನೀವೇಯೋ, ಇಲ್ಲವೆ ನಾವು ಬೇರೊಬ್ಬರಿಗಾಗಿ ಕಾಯಬೇಕೋ? ಯೇಸುಸ್ವಾಮಿ ಅವರನ್ನು ಗದರಿಸುವುದಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ತಲಪುತ್ತಿದೆ, ನೀವು ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ತಿಳಿಸಿರಿ ಎನ್ನುತ್ತಾರೆ. ಆದರೆ ಸೆರೆಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಯೊವಾನ್ನರು ಅರಸ ಹೆರೋದನ ಆಜ್ಞೆಯಿಂದ ಶಿರಚ್ಛೇದಕ್ಕೆ ಗುರಿಯಾದರು. ಇಷ್ಟನ್ನೂ ತಿಳಿದುಕೊಂಡೇ ಧರ್ಮಸಭೆ ಆ ದಿನ ಆನಂದಿಸಿರಿ ಎನ್ನುತ್ತದೆ. ಎಲ್ಲವೂ ನಾವು ಬಯಸಿದಂತೆ ಸುಸೂತ್ರವಾಗಿ ಮುಗಿಯುತ್ತದೆಂಬ ಭರವಸೆಗೂ ಕ್ರೈಸ್ತ ನಿರೀಕ್ಷೆಗೂ ಎಷ್ಟು ಅಂತರವಿದೆಯೆಂಬುದು ಈ ಒಂದು ಭಾನುವಾರದಲ್ಲಿ ತಿಳಿದುಬರುತ್ತದೆ.

ಇದು ಕೇವಲ ಪುರಾತನ ಕಾಲದ ಕಥೆಯಲ್ಲ. ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ನಾಜಿಗಳ ಬಂದಿಯಾಗಿದ್ದ ಲೂಥರನ್ ಪಾಸ್ಟರ್ ಡೀಟ್ರಿಶ್ ಬಾನ್‌ಹಾಫರ್, 1943ರ ನವೆಂಬರಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಸೆರೆಮನೆಯ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದರು: ಒಳಗಿರುವವನು ಕಾಯುತ್ತಾನೆ, ಆಶಿಸುತ್ತಾನೆ, ಅದೂ ಇದೂ ಮಾಡುತ್ತಾನೆ, ಆದರೆ ಬಾಗಿಲು ತೆರೆಯುವುದು ಹೊರಗಿನಿಂದ ಮಾತ್ರ. ಮರುವರ್ಷದ ಡಿಸೆಂಬರಿನಲ್ಲಿ ಅದೇ ಸೆರೆಮನೆಯಲ್ಲಿದ್ದ ಯೇಸುಸಭೆಯ ಗುರು ಆಲ್ಫ್ರೆಡ್ ಡೆಲ್ಪ್, ಬೇಡಿ ತೊಡಿಸಿದ ಕೈಗಳಿಂದಲೇ ಆಗಮನ ಕಾಲದ ಧ್ಯಾನಗಳನ್ನು ಬರೆದರು. ಒಗೆಯಲು ಕೊಡುವ ಬಟ್ಟೆಗಳ ನಡುವೆ ಅಡಗಿ ಆ ಹಾಳೆಗಳು ಹೊರಬಂದವು. ಮನುಷ್ಯನನ್ನು ಬುಡಸಹಿತ ಅಲುಗಿಸಿ ಎಚ್ಚರಗೊಳಿಸುವ ಕಾಲವೇ ಆಗಮನ ಕಾಲವೆಂಬುದು ಅವರ ಧ್ಯಾನದ ಸಾರ. 1945ರ ಫೆಬ್ರುವರಿ 2ರಂದು ಅವರನ್ನು ಗಲ್ಲಿಗೇರಿಸಲಾಯಿತು. ಬಾನ್‌ಹಾಫರ್ ಅದೇ ವರ್ಷದ ಏಪ್ರಿಲ್ 9ರಂದು ಅದೇ ರೀತಿ ಪ್ರಾಣ ಕಳೆದುಕೊಂಡರು. ಒಬ್ಬರು ಕಥೋಲಿಕರು, ಇನ್ನೊಬ್ಬರು ಪ್ರೊಟೆಸ್ಟೆಂಟರು. ಅಲಂಕಾರವಾಗಲಿ ಗಾಯನಗೋಷ್ಠಿಯಾಗಲಿ ಇಲ್ಲದ ಜಾಗದಲ್ಲಿ ಇಬ್ಬರಿಗೂ ಆಗಮನ ಕಾಲ ತನ್ನ ಪೂರ್ಣ ಅರ್ಥದಲ್ಲಿ ದೊರೆಯಿತು.

ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಮಾತೆ ಮರಿಯಮ್ಮನವರ ಸ್ತುತಿಗೀತೆಗೆ ಮುನ್ನ ಏಳು ಪುರಾತನ ಕರೆಗಳನ್ನು ದಿನಕ್ಕೊಂದರಂತೆ ಹಾಡುವ ಸಂಪ್ರದಾಯವಿದೆ. ದೈವಜ್ಞಾನವೇ, ಇಸ್ರಯೇಲಿನ ಒಡೆಯನೇ, ಜೆಸ್ಸೆಯನ ಬೇರೇ, ದಾವಿದನ ಬೀಗದ ಕೈಯೇ, ಮೂಡಣದ ಬೆಳಕೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ ಎಂದು ದಿನಕ್ಕೊಂದು ಹೆಸರಿನಿಂದ ಕ್ರಿಸ್ತರನ್ನು ಕರೆದು, ಪ್ರತಿಯೊಂದರ ಕೊನೆಯ ಭಾಗದಲ್ಲಿ 'ಬಾ' ಎಂದು ಬೇಡಲಾಗುತ್ತದೆ. 20ರಂದು ಹಾಡುವ ಕರೆಯಲ್ಲಿ, ಕತ್ತಲೆಯಲ್ಲಿ ಕುಳಿತ ಬಂದಿಯನ್ನು ಸೆರೆಮನೆಯಿಂದ ಹೊರಗೆ ಕರೆತರಲು ಬಾ ಎಂಬ ಪ್ರಾರ್ಥನೆಯಿದೆ. ಯೊವಾನ್ನರನ್ನೂ ಟೇಗೆಲ್‌ನ ಆ ಇಬ್ಬರನ್ನೂ ನೆನೆದ ಮೇಲೆ ಈ ಸಾಲನ್ನು ಸುಮ್ಮನೆ ಹಾಡಿ ಮುಂದೆ ಹೋಗಲು ನನ್ನಿಂದಾಗುವುದಿಲ್ಲ.

ನಾಲ್ಕನೆಯ ಭಾನುವಾರ ಮರಿಯಮ್ಮನವರದು, ಒಂದು ವರ್ಷ ಜೋಸೆಫರದು. ತಾಯಿಯಾಗಲಿರುವವಳ ಕಾಯುವಿಕೆಯನ್ನು ಯಾರೂ ಅವಸರಪಡಿಸಲಾರರು; ತಿಂಗಳು ತುಂಬಲೇಬೇಕು. ದೇವದೂತ ಗಬ್ರಿಯೇಲನಿಗೆ ಸಮ್ಮತಿ ಕೊಟ್ಟ ಕೂಡಲೇ ಮರಿಯಮ್ಮನವರು ಮನೆಯಲ್ಲಿ ಕುಳಿತು ದಿನ ಎಣಿಸಲಿಲ್ಲ, ಮುಪ್ಪಿನಲ್ಲಿ ಗರ್ಭಿಣಿಯಾಗಿದ್ದ ಎಲಿಜಬೇತಮ್ಮನವರ ಆರೈಕೆಗೆ ಬೆಟ್ಟದ ಸೀಮೆಗೆ ತ್ವರೆಯಾಗಿ ಹೋದರು. ಬಲಾಢ್ಯರನ್ನು ಗದ್ದುಗೆಯಿಂದ ಇಳಿಸುವ, ದೀನರನ್ನು ಎತ್ತಿ ನಿಲ್ಲಿಸುವ, ಹಸಿದವರನ್ನು ತೃಪ್ತಿಪಡಿಸುವ ದೇವರನ್ನು ಅವರು ಹಾಡಿ ಹೊಗಳಿದ್ದು ಆ ಮನೆಯ ಹೊಸ್ತಿಲಲ್ಲಿ. ಗೋದಲಿಯ ಮೂರ್ತಿಗಳ ನಡುವೆ ಮಂಡಿಯೂರಿ ಮೌನವಾಗಿರುವ ಮರಿಯಮ್ಮನವರನ್ನು ನಾವೆಲ್ಲ ಬಲ್ಲೆವು. ಅದಕ್ಕೆ ಮುಂಚೆ ಈ ಹಾಡು ಹಾಡಿದ ಯುವತಿಯನ್ನು ಪರಿಚಯಿಸುವುದು ಆಗಮನ ಕಾಲ.

ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರದ ಬಗ್ಗೆಯೂ ಒಂದು ಮಾತು. ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಶೆರ್ನ್ ಎಂಬ ಲೂಥರನ್ ದೇವಶಾಸ್ತ್ರಜ್ಞ, ಹಬ್ಬ ಯಾವಾಗ ಬರುತ್ತದೆಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಚಕ್ರಕ್ಕೆ ಮೇಣದಬತ್ತಿಗಳನ್ನು ಸಿಕ್ಕಿಸಿ ದಿನಕ್ಕೊಂದರಂತೆ ಹಚ್ಚಿಸಿದರು. ವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳ ರೂಪದಲ್ಲಿ ಇಂದು ಕಥೋಲಿಕ ದೇವಾಲಯಗಳಲ್ಲಿಯೂ ಇದು ಸಾಮಾನ್ಯ. ಮೊದಲ ವಾರ ಒಂದೇ ಬತ್ತಿ ಉರಿಯುತ್ತದೆ, ಮೂರು ಬತ್ತಿಗಳು ಹಾಗೆಯೇ ನಿಂತಿರುತ್ತವೆ. ನಾಲ್ಕನೆಯ ವಾರಕ್ಕೆ ನಾಲ್ಕೂ ಉರಿಯುವ ಹೊತ್ತಿಗೆ ಮೊದಲನೆಯದು ಕರಗಿ ಉಳಿದವುಗಳ ಅರ್ಧಕ್ಕೆ ಇಳಿದಿರುತ್ತದೆ, ಅದರ ಬುಡದ ಎಲೆಗಳು ಒಣಗಿ ಬಾಗಿರುತ್ತವೆ. ನಾಲ್ಕನ್ನೂ ಮೊದಲ ದಿನವೇ ಹಚ್ಚಿ ಛಾಯಾಚಿತ್ರ ತೆಗೆದುಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕತ್ತಲನ್ನು ವಾರಕ್ಕಿಷ್ಟರಂತೆ ಹಿಂದೆ ಸರಿಸುತ್ತ ಹೋಗುವುದರಲ್ಲಿಯೇ ಆ ಚಕ್ರದ ಬೋಧನೆಯಿದೆ.

ಆಗಮನ ಕಾಲವನ್ನು ಉಳಿಸಿಕೊಳ್ಳಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಪ್ರತಿ ವರ್ಷವೂ ಪ್ರತಿ ಸಭೆಯಲ್ಲಿಯೂ ಆ ವರ್ಷ ಯಾರನ್ನಾದರೂ ಮಣ್ಣು ಮಾಡಿ ಬಂದವರಿರುತ್ತಾರೆ. ಕೆಲಸ ಕಳೆದುಕೊಂಡವರು, ರೋಗದ ಫಲಿತಾಂಶಕ್ಕಾಗಿ ಕಾಯುತ್ತಿರುವವರು, ಮನೆ ಬಿಟ್ಟುಹೋದ ಮಗನ ದಾರಿ ನೋಡುತ್ತಿರುವವರು ಇರುತ್ತಾರೆ. ಡಿಸೆಂಬರ್ ಮೊದಲ ದಿನದಿಂದಲೇ ಹಬ್ಬದ ಹಾಡು ಮೊಳಗಿದರೆ ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಪೂಜೆ ಮುಗಿಯುವ ಮುಂಚೆಯೇ ಎದ್ದುಹೋಗುತ್ತಾರೆ. ಆ ಸಂತೋಷದಲ್ಲಿ ತಮಗೆ ಪಾಲಿಲ್ಲವೆಂದು ಅವರಿಗೆ ಅನ್ನಿಸುತ್ತದೆ. ಆಗಮನ ಕಾಲದ ವಾಚನಗಳೂ ಪ್ರಾರ್ಥನೆಗಳೂ ಆದರೋ ಅವರಿಗೆಂದೇ ಬರೆದಂತಿವೆ. "ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ" ಎನ್ನುವ ಯೆಶಾಯನ ನಲವತ್ತನೆಯ ಅಧ್ಯಾಯ, ಮುಂಜಾವಿಗಾಗಿ ಕಾದಿರುವ ಕಾವಲುಗಾರರಿಗಿಂತ ಹೆಚ್ಚಾಗಿ ಪ್ರಭುವಿಗಾಗಿ ಕಾದಿರುವೆನೆಂಬ 130ನೆಯ ಕೀರ್ತನೆ, ಇವೆಲ್ಲ ಇನ್ನೂ ಬೆಳಗಾಗದವರ ಮಾತುಗಳು. ಈ ಕಾಲವನ್ನು ಕಿತ್ತುಹಾಕಿ ನಾಲ್ಕು ವಾರವೂ ಹಬ್ಬವನ್ನೇ ತುಂಬಿದರೆ, ದುಃಖಿತರಿಗೆ ದೇವಾಲಯದಲ್ಲಿ ಇದ್ದ ಒಂದು ಜಾಗವನ್ನು ನಾವೇ ಕಸಿದುಕೊಂಡಂತೆ.

ಹಬ್ಬದ ಖರೀದಿಯನ್ನು ಯಾರೂ ಮಾಡಬಾರದೆಂದಾಗಲಿ ಮನೆಯ ಮುಂದೆ ದೀಪ ಹಚ್ಚಬಾರದೆಂದಾಗಲಿ ನಾನು ಹೇಳುತ್ತಿಲ್ಲ. ಮನೆಯಲ್ಲಿ ದಿನಕ್ಕೊಂದು ವಾಚನವನ್ನಾದರೂ ಒಟ್ಟಾಗಿ ಓದೋಣ. ಪಾಪನಿವೇದನೆಯನ್ನು ಕೊನೆಯ ದಿನದ ಸಾಲಿಗೆ ಉಳಿಸದೆ ಮೊದಲ ವಾರಗಳಲ್ಲಿಯೇ ಮಾಡೋಣ. ಮಾತು ಬಿಟ್ಟ ಅಣ್ಣತಮ್ಮಂದಿರು ಈ ನಾಲ್ಕು ವಾರಗಳಲ್ಲಿ ಒಮ್ಮೆ ಮಾತಾಡಲಿ. ಯೊವಾನ್ನರು ಹೇಳಿದ ಆ ಎರಡನೆಯ ಅಂಗಿಯನ್ನು ಕಪಾಟಿನಿಂದ ಹೊರಗೆ ತೆಗೆಯೋಣ. ದೇವಾಲಯದ ಗಾಯನ ತಂಡಗಳು ಕ್ರಿಸ್‌ಮಸ್ ಹಾಡುಗಳನ್ನು 24ರ ಸಂಜೆಯವರೆಗೆ ತಡೆದಿಟ್ಟು, ಅಲ್ಲಿಯವರೆಗೆ ಆಗಮನ ಕಾಲದ ಗೀತೆಗಳನ್ನೇ ಹಾಡಬೇಕೆಂದು ವಿನಂತಿಸುತ್ತೇನೆ.

ಹಾಗೆ ಕಾದವರಿಗೆ ಹಬ್ಬದ ಒಂದು ದಿನವೂ ನಷ್ಟವಾಗುವುದಿಲ್ಲ. ಧರ್ಮಸಭೆಯ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಆರಂಭವಾಗುವುದೇ 24ರ ಸಂಜೆ, ಮುಗಿಯುವುದು ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬದಂದು. ಅಲಂಕಾರಗಳನ್ನು 26ರಂದೇ ಇಳಿಸಿ ಕಟ್ಟಿಡುವ ಬದಲು ಆ ದಿನಗಳಲ್ಲಿ ಹಾಡೋಣ, ಒಬ್ಬರ ಮನೆಗೆ ಒಬ್ಬರು ಹೋಗೋಣ. ತಮ್ಮ ಪತ್ರಿಕೆಯೂ ಕ್ರಿಸ್‌ಮಸ್ ಲೇಖನಗಳಲ್ಲಿ ಕೆಲವನ್ನಾದರೂ ಆ ವಾರಗಳಿಗೆ ಕಾದಿರಿಸಿ, ಡಿಸೆಂಬರ್ ಆರಂಭದಲ್ಲಿ ಆಗಮನ ಕಾಲದ ಬಗ್ಗೆ ಒಂದು ಲೇಖನ ಪ್ರಕಟಿಸಿದರೆ ನಮ್ಮಂಥವರು ಆಭಾರಿಗಳಾಗಿರುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಕ್ರೈಸ್ತ ಓದುಗ